ಹಾರ್ವಿ ಡೆಂಟ್ ‘ಟೂ-ಫೇಸ್’ ಆಗಿದ್ದು ನೋಡಿ ಮಗ ಹೆದರಿದ್ದಾನೆ, ಏನು ಮಾಡಲಿ?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗನಿಗೆ ಒಂಬತ್ತು ವರ್ಷ. ನಮ್ಮ ಮನೆಯವರಿಗೆ ಹಳೇ ಬ್ಯಾಟ್‌ಮ್ಯಾನ್ ಕಾರ್ಟೂನ್ ಅಂದ್ರೆ ಪ್ರಾಣ. 1992ರ ‘ಬ್ಯಾಟ್‌ಮ್ಯಾನ್: ದಿ ಆನಿಮೇಟೆಡ್ ಸೀರೀಸ್’ ಅನ್ನು ರಜೆಯಲ್ಲಿ ಅಪ್ಪ-ಮಗ ದಿನಕ್ಕೊಂದು ಕಂತಿನಂತೆ ನೋಡುತ್ತಾ ಬಂದರು. ಹಾರ್ವಿ ಡೆಂಟ್ ಅನ್ನೋ ಒಳ್ಳೆ ಲಾಯರ್‌ನ ಅರ್ಧ ಮುಖ ಸುಟ್ಟು, ಅವನು ‘ಟೂ-ಫೇಸ್’ ಅನ್ನೋ ವಿಲನ್ ಆಗುವ ಕಥೆ ಎರಡು ಭಾಗದಲ್ಲಿದೆ. ಮೊದಲ ಭಾಗ ಮುಗಿದ ರಾತ್ರಿ ಮಗ ನಮ್ಮ ಪಕ್ಕ ಬಂದು ಮಲಗಿದ. ಎರಡನೇ ಭಾಗ ಬೇಡವೇ ಬೇಡ ಅಂದ. ಈಗ ಬಚ್ಚಲುಮನೆ ಕನ್ನಡಿಗೆ ಟವೆಲ್ ಹಾಕಿಕೊಂಡು ಹಲ್ಲುಜ್ಜುತ್ತಾನೆ. ಟೂ-ಫೇಸ್ ನಾಣ್ಯ ಎಸೆದು ತೀರ್ಮಾನ ಮಾಡ್ತಾನೆ ಅಂತ ಅವರಪ್ಪ ಹೇಳಿದ್ದರಂತೆ, ಇವನೂ ಎಲ್ಲಾದಕ್ಕೂ ಐದು ರೂಪಾಯಿ ನಾಣ್ಯ ಎಸೆಯುತ್ತಾನೆ. ಮೊನ್ನೆ ತಂಗಿಯನ್ನು ತಳ್ಳಿ, ಅವಳ ಮೊಣಕಾಲು ತರಚಿತು. ಆಮೇಲೆ ಇವನೇ ಜಾಸ್ತಿ ಅತ್ತ. “ಅಮ್ಮಾ, ನನ್ನೊಳಗೂ ಇನ್ನೊಬ್ಬ ಇದಾನಾ?” ಅಂತ ಕೇಳಿದ. ನಮ್ಮ ಬೀದಿಯ ಟೈಲರ್ ಅಂಗಡಿಯಲ್ಲಿ ಮುಖಕ್ಕೆ ಸುಟ್ಟ ಕಲೆ ಇರುವ ಒಬ್ಬರು ಕೂರುತ್ತಾರೆ. ಈಗ ಆ ಕಡೆ ಬರಲ್ಲ ಅಂತಾನೆ. ಪಕ್ಕದ ಮನೆಯವರು “ಇದು ಸ್ಕಿಜೋಫ್ರೇನಿಯಾ ಶುರು” ಅಂದರು. ಅತ್ತೆ ತಾಯತ ಕಟ್ಟಿಸೋಣ ಅಂತಾರೆ. ಡಾಕ್ಟರ್ ಹತ್ತಿರ ಹೋದರೆ ಶಾಲೆಗೆ ಗೊತ್ತಾಗುತ್ತೆ ಅಂತ ನಮ್ಮವರಿಗೆ ಭಯ. ಹಾರ್ವಿಗೆ ಬಂದ ಕಾಯಿಲೆ ನಿಜವಾಗಿ ಇದೆಯಾ? ಕಾರ್ಟೂನ್ ನಿಲ್ಲಿಸಲಾ?

ಉತ್ತರ: ಮೊದಲು ಪಕ್ಕದ ಮನೆಯವರ ಮಾತು. ನೀವು ಬರೆದಿರುವುದರಲ್ಲಿ ಸ್ಕಿಜೋಫ್ರೇನಿಯಾದ ಲಕ್ಷಣ ಒಂದೂ ಇಲ್ಲ. ಹಾರ್ವಿ ಡೆಂಟ್‌ಗೂ ಆ ಕಾಯಿಲೆ ಇಲ್ಲ. ಸ್ಕಿಜೋಫ್ರೇನಿಯಾದಲ್ಲಿ ಯಾರೂ ಇಲ್ಲದಿದ್ದರೂ ದನಿ ಕೇಳಿಸುವುದು, ಯಾರೋ ಹಿಂದೆ ಬಿದ್ದಿದ್ದಾರೆ ಅನ್ನುವ ಗಟ್ಟಿ ಅನುಮಾನ, ಮಾತು-ಯೋಚನೆಯ ಎಳೆ ತಪ್ಪುವುದು, ಇಂಥವು ಇರುತ್ತವೆ. ಒಬ್ಬರೊಳಗೆ ಇಬ್ಬರು ಇರುವಂತೆ ಕಾಣುವುದು ಬೇರೆಯೇ ಕಾಯಿಲೆ. ಎರಡನ್ನೂ ಒಂದೇ ಮಾಡಿ ಮಾತಾಡುವ ರೂಢಿ ಎಲ್ಲ ಕಡೆ ಇದೆ, ಓದಿದವರಲ್ಲೂ ಇದೆ. ಒಂಬತ್ತು ವರ್ಷದ ಮಗುವಿನಲ್ಲಿ ಸ್ಕಿಜೋಫ್ರೇನಿಯಾ ತೀರಾ ಅಪರೂಪ.

ಈ ಎರಡು ಕಂತುಗಳನ್ನು ನಾನೂ ನೋಡಿದ್ದೇನೆ. ಮಕ್ಕಳ ಕಾರ್ಟೂನ್‌ಗಳಲ್ಲಿ ವಿಲನ್‌ಗಳು ಸಾಮಾನ್ಯವಾಗಿ ರೆಡಿಯಾಗಿಯೇ ಬರುತ್ತಾರೆ. ಬಂದ, ಬ್ಯಾಂಕ್ ದೋಚಿದ, ಒದೆ ತಿಂದ, ಹೋದ. ಹಾರ್ವಿ ಹಾಗಲ್ಲ. ಈ ಕಥೆಗಿಂತ ಮುಂಚಿನ ಕಂತುಗಳಲ್ಲೇ ಅವನು ಬಂದಿರುತ್ತಾನೆ. ಬ್ರೂಸ್ ವೇನ್‌ನ, ಅಂದರೆ ಮುಖವಾಡ ತೆಗೆದ ಬ್ಯಾಟ್‌ಮ್ಯಾನ್‌ನ, ಆಪ್ತ ಗೆಳೆಯ, ನಗುನಗುತ್ತಾ ಮಾತಾಡುವವ. ಒಂದು ಕಂತಿನಲ್ಲಿ ಪಾಯ್ಸನ್ ಐವಿ ಅನ್ನುವ ವಿಲನ್‌ನ ವಿಷಕ್ಕೆ ಸಿಕ್ಕಿ ಆಸ್ಪತ್ರೆ ಸೇರುತ್ತಾನೆ, ಆಗ ನೋಡುವ ಮಕ್ಕಳೆಲ್ಲ ಅವನು ಬದುಕಲಿ ಅಂತಲೇ ಕಾಯುತ್ತಾರೆ. ಅಂಥವನು ಕಣ್ಣೆದುರೇ ಕೆಟ್ಟವನಾದರೆ ಮಗುವಿಗೆ ಬರುವ ಹೆದರಿಕೆಯೇ ಬೇರೆ. ರಾಕ್ಷಸ ಬಂದ ಅನ್ನುವ ಹೆದರಿಕೆಗಿಂತ ‘ನಮ್ಮವನೇ ಹೀಗಾದ’ ಅನ್ನುವುದು ಆಳಕ್ಕೆ ಇಳಿಯುತ್ತದೆ. ಅಲ್ಲಿಂದ ‘ನಾನೂ ಹೀಗಾಗಬಹುದಾ’ ಅನ್ನುವುದಕ್ಕೆ ಒಂದೇ ಹೆಜ್ಜೆ.

ಜೊತೆಗೆ ನಿಮ್ಮ ಮಗ ಕಥೆಯನ್ನು ನಿಲ್ಲಿಸಿರುವ ಜಾಗ ನೋಡಿ. ಮೊದಲ ಭಾಗದ ಕೊನೆಯಲ್ಲಿ ಆಸ್ಪತ್ರೆ. ಬ್ಯಾಂಡೇಜ್ ಬಿಚ್ಚುತ್ತಾರೆ, ಹಾರ್ವಿ ಕನ್ನಡಿ ಕೇಳುತ್ತಾನೆ, ನೋಡಿಕೊಂಡು ಚೀರುತ್ತಾನೆ. ಅವನನ್ನು ಮದುವೆಯಾಗಬೇಕಿದ್ದ ಗ್ರೇಸ್ ಆ ಮುಖ ನೋಡಿ ಕುಸಿದು ಬೀಳುತ್ತಾಳೆ. ಅಲ್ಲಿಗೆ ಮುಗಿಯಿತು. ಕಥೆಯ ಅತಿ ಭಯಂಕರ ಜಾಗದಲ್ಲಿ ಮಗು ಟಿವಿ ಆರಿಸಿದೆ. ಕನ್ನಡಿಗೆ ಟವೆಲ್ ಯಾಕೆ ಅಂತ ಬೇರೆ ಹುಡುಕಬೇಕಾಗಿಲ್ಲ ಅಲ್ವಾ?

ಈಗ ಕಾಯಿಲೆಯ ವಿಷಯ. ಕಾರ್ಟೂನ್‌ನಲ್ಲಿ ತೋರಿಸಿದ್ದಕ್ಕೆ ಹತ್ತಿರದ ನಿಜವಾದ ಕಾಯಿಲೆಗೆ ಹಿಂದೆ ಮಲ್ಟಿಪಲ್ ಪರ್ಸನಾಲಿಟಿ ಅನ್ನುತ್ತಿದ್ದರು. 1994ರಿಂದ ಅಮೆರಿಕದ ಮನೋವೈದ್ಯರ ಪಟ್ಟಿಯಲ್ಲಿ ಅದರ ಹೆಸರು ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್. ನಮ್ಮಲ್ಲಿ ಈ ಮಾತು ಬಂದರೆ ಎಲ್ಲರೂ 2004ರ ‘ಆಪ್ತಮಿತ್ರ’ದ ನಾಗವಲ್ಲಿಯನ್ನೇ ನೆನೆಯುತ್ತಾರೆ. ಸಿನಿಮಾದಲ್ಲೂ ಕಾರ್ಟೂನ್‌ನಲ್ಲೂ ಒಂದು ಅನುಕೂಲವಿದೆ: ಬದಲಾವಣೆ ಕಣ್ಣಿಗೆ ಕಾಣಬೇಕು, ಕಿವಿಗೆ ಕೇಳಬೇಕು. ಹಾರ್ವಿಗೆ ದನಿ ಕೊಟ್ಟವರು ರಿಚರ್ಡ್ ಮೋಲ್. ಹಾರ್ವಿಯ ಸಭ್ಯ ದನಿಯೂ ಅವರದೇ, ಒಳಗಿನ ‘ಬಿಗ್ ಬ್ಯಾಡ್ ಹಾರ್ವ್’ನ ಗೊಗ್ಗರು ದನಿಯೂ ಅವರದೇ. ಒಬ್ಬ ನಟ ಗಂಟಲು ಬದಲಿಸಿ ಮಾಡಿದ ಕೆಲಸ ಅದು ಅಂತ ಮಗನಿಗೆ ಹೇಳಿ, ಅವನಿಂದಲೂ ಎರಡು ದನಿ ಮಾಡಿಸಿ ನೋಡಿ. ಎಷ್ಟೋ ಮಕ್ಕಳ ಹೆದರಿಕೆ ಅಷ್ಟರಲ್ಲೇ ಅರ್ಧ ಇಳಿಯುತ್ತದೆ.

ನಿಜವಾದ ರೋಗಿಗಳಲ್ಲಿ ಇಂಥ ನಾಟಕೀಯ ಬದಲಾವಣೆ ಕಡಿಮೆ. ಹೆಚ್ಚಿನವರು ಅದನ್ನು ಮುಚ್ಚಿಡುತ್ತಾರೆ. ‘ಸಂಜೆ ನಾಲ್ಕರಿಂದ ಆರರವರೆಗೆ ಏನು ಮಾಡಿದೆ ಅಂತ ನೆನಪೇ ಇಲ್ಲ’, ‘ಬೀರುವಿನಲ್ಲಿರುವ ಈ ಬಟ್ಟೆ ನಾನು ತಂದಿದ್ದಾ ಗೊತ್ತಿಲ್ಲ’, ‘ನನ್ನ ಕೈ ನನ್ನದಲ್ಲ ಅನಿಸುತ್ತೆ’, ಈ ಥರದ ಮಾತು ಬರುತ್ತವೆ. ಅದೂ ತಾನಾಗಿ ಬರುವುದಿಲ್ಲ, ನಂಬಿಕೆ ಹುಟ್ಟಿದ ಮೇಲೆ ಬರುತ್ತವೆ. ಕಾರಣ ಕೇಳುತ್ತಾ ಹೋದರೆ ಬಹಳಷ್ಟು ಸಲ ಎಳೆ ವಯಸ್ಸಿನಲ್ಲಿ ಪದೇಪದೇ ನಡೆದ ಹಿಂಸೆ, ಲೈಂಗಿಕ ದೌರ್ಜನ್ಯ, ಕೇಳುವವರೇ ಇಲ್ಲದ ಸ್ಥಿತಿ ಕಾಣುತ್ತದೆ. ಈ ಕಾಯಿಲೆ ಹೇಗೆ ರೂಪುಗೊಳ್ಳುತ್ತದೆ, ಸಿನಿಮಾ-ಪುಸ್ತಕಗಳ ಪ್ರಭಾವ, ಚಿಕಿತ್ಸಕರ ಪ್ರಶ್ನೆಗಳ ಪ್ರಭಾವ ಎಷ್ಟು ಅನ್ನುವುದರ ಬಗ್ಗೆ ಮನೋವೈದ್ಯರಲ್ಲೇ ಜಗಳ ಇದೆ. ಆದರೆ ಒಂದು ಕಾರ್ಟೂನ್ ನೋಡಿದ್ದರಿಂದ ಮಗುವಿಗೆ ಇದು ಅಂಟಿಕೊಳ್ಳುತ್ತದೆ ಅಂತ ಯಾರೂ ಹೇಳುವುದಿಲ್ಲ. ಇನ್ನೊಂದು ತಪ್ಪು ಕಲ್ಪನೆ, ಇಂಥವರು ಅಪಾಯಕಾರಿ ಅನ್ನುವುದು. ಅವರಿಂದ ಬೇರೆಯವರಿಗಿಂತ ಅವರಿಗೇ ಅಪಾಯ ಜಾಸ್ತಿ. ಕೈ ಕೊಯ್ದುಕೊಳ್ಳುವುದು, ಸಾಯಲು ಪ್ರಯತ್ನಿಸುವುದು ಈ ರೋಗಿಗಳಲ್ಲಿ ಹೆಚ್ಚು.

ಹಾರ್ವಿಯ ಕಥೆಯಲ್ಲಿ ಕೊಟ್ಟಿರುವ ಕಾರಣ ಬೇರೆ. ಚಿಕ್ಕವನಿದ್ದಾಗ ಕಾಡುತ್ತಿದ್ದ ಒಬ್ಬ ಹುಡುಗನಿಗೆ ಅವನು ಒಂದು ಗುದ್ದು ಕೊಡುತ್ತಾನೆ. ಮರುದಿನ ಆ ಹುಡುಗ ಆಸ್ಪತ್ರೆಯಲ್ಲಿದ್ದಾನೆ ಅಂತ ಸುದ್ದಿ. ತನ್ನಿಂದಲೇ ಹೀಗಾಯಿತು ಅಂತ ಹಾರ್ವಿ ನಂಬುತ್ತಾನೆ. ಅಸಲಿಗೆ ಆ ಹುಡುಗನಿಗೆ ಆಗಿದ್ದು ಅಪೆಂಡಿಸೈಟಿಸ್! ಆದರೆ ಅಷ್ಟರಲ್ಲಿ ಹಾರ್ವಿ ತೀರ್ಮಾನ ಮಾಡಿಯಾಗಿತ್ತು: ನನ್ನ ಸಿಟ್ಟು ಜನರನ್ನು ಕೊಲ್ಲಬಲ್ಲದು, ಇನ್ನು ಯಾವತ್ತೂ ಸಿಟ್ಟು ತೋರಿಸಬಾರದು. ಒಂದು ಗುದ್ದಿನಿಂದ ಎರಡನೇ ವ್ಯಕ್ತಿತ್ವ ಹುಟ್ಟುವುದಿಲ್ಲ, ಅದು ಕಥೆಗಾರರ ಸ್ವಾತಂತ್ರ್ಯ. ಆದರೆ ಆ ಹುಡುಗನ ತಲೆಯಲ್ಲಿ ನಡೆದ ಲೆಕ್ಕ ಇದೆಯಲ್ಲ, ಅದು ನೂರಕ್ಕೆ ನೂರು ನಿಜ. ಏಳರಿಂದ ಹತ್ತು ವರ್ಷದ ಮಕ್ಕಳು ಹೀಗೇ ಲೆಕ್ಕ ಹಾಕುತ್ತಾರೆ. ನಾನು ಹಟ ಮಾಡಿದ್ದಕ್ಕೆ ಅಜ್ಜಿಗೆ ಹುಷಾರು ತಪ್ಪಿತು, ನಾನು ಬೈದುಕೊಂಡಿದ್ದಕ್ಕೆ ಅಪ್ಪನ ಬೈಕ್ ಬಿತ್ತು. ನಿಮ್ಮ ಮಗ ತಂಗಿಯ ಮೊಣಕಾಲು ನೋಡಿ ಅತ್ತಿದ್ದೂ ಇದೇ ಲೆಕ್ಕದಿಂದ.

ಆದ್ದರಿಂದ ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದ ಸಾಲು ಕನ್ನಡಿಯದಲ್ಲ, ತಂಗಿಯದು. ‘ನನ್ನೊಳಗೂ ಇನ್ನೊಬ್ಬ ಇದಾನಾ’ ಅಂದಾಗ “ಛೆ ಛೆ, ನೀನು ಒಳ್ಳೇ ಹುಡುಗ, ನಿನಗೆಲ್ಲಿ ಸಿಟ್ಟು” ಅಂತ ಸಮಾಧಾನ ಮಾಡಿದ್ದರೆ, ಪ್ರೀತಿಯಿಂದಲೇ ಮಾಡಿದ್ದರೂ, ಅದು ಅವನಿಗೆ ಸಹಾಯ ಮಾಡುವುದಿಲ್ಲ. ಅವನಿಗೆ ಸಿಟ್ಟು ಬಂದಿದ್ದು ಅವನಿಗೆ ಗೊತ್ತು. ನೀವು ಇಲ್ಲ ಅಂದರೆ ‘ಹಾಗಾದರೆ ಅದು ಬೇರೆ ಯಾರೋ’ ಅನ್ನುವುದೇ ಗಟ್ಟಿಯಾಗುತ್ತದೆ. ಹೀಗೆ ಹೇಳಿ ನೋಡಿ: “ಒಳಗೆ ಇರೋದು ನೀನೊಬ್ಬನೇ ಕಣೋ. ನಿನಗೆ ಸಿಟ್ಟು ಬಂತು, ತಳ್ಳಿದೆ. ತಳ್ಳಿದ್ದು ತಪ್ಪು. ಸಿಟ್ಟು ಬಂದಿದ್ದು ತಪ್ಪಲ್ಲ. ನನಗೂ ಬರುತ್ತೆ.” ಆಮೇಲೆ ತಂಗಿಗೆ ಮುಲಾಮು ಹಚ್ಚುವ ಕೆಲಸ ಅವನಿಗೇ ಕೊಡಿ. ಗಾಯ ಒಣಗುವುದನ್ನು ಅವನೇ ನೋಡಲಿ.

ಇಲ್ಲಿ ಇನ್ನೊಂದು ಮೂಢನಂಬಿಕೆಯನ್ನೂ ತೆಗೆದುಹಾಕಬೇಕು. ಸಿಟ್ಟು ಕುಕ್ಕರ್‌ನೊಳಗಿನ ಹಬೆ ಇದ್ದ ಹಾಗೆ, ದಿಂಬಿಗೆ ಗುದ್ದಿ ಹೊರಗೆ ಬಿಟ್ಟರೆ ಇಳಿಯುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಪರೀಕ್ಷೆ ಮಾಡಿ ನೋಡಿದಾಗ ಕಂಡಿದ್ದು ಉಲ್ಟಾ. ಗುದ್ದುತ್ತಾ ಗುದ್ದುತ್ತಾ ಸಿಟ್ಟು ಏರುತ್ತದೆ. ಸಿಟ್ಟಿಗೆ ಹೆಸರಿಟ್ಟು ಬಾಯಲ್ಲಿ ಹೇಳುವುದು, ಜಾಗ ಬದಲಿಸುವುದು, ಉಸಿರು ನಿಧಾನ ಮಾಡುವುದು, ಇವು ಕೆಲಸ ಮಾಡುತ್ತವೆ.

ಇನ್ನು ಮುಖ. ಕಾಮಿಕ್ಸ್‌ನಲ್ಲಿ ಟೂ-ಫೇಸ್ ಹುಟ್ಟಿದ್ದು 1942ರಲ್ಲಿ, ಕೋರ್ಟಿನಲ್ಲಿ ರೌಡಿಯೊಬ್ಬ ಆಸಿಡ್ ಎರಚಿದ್ದರಿಂದ. ಕಾರ್ಟೂನ್‌ನಲ್ಲಿ ಅದನ್ನು ಕೆಮಿಕಲ್ ಫ್ಯಾಕ್ಟರಿಯ ಸ್ಫೋಟ ಮಾಡಿದ್ದಾರೆ. ಎರಡರಲ್ಲೂ ಒಂದು ಹಳೇ ಚಾಳಿ ಉಳಿದಿದೆ: ಮುಖ ಕೆಟ್ಟರೆ ಮನಸ್ಸೂ ಕೆಟ್ಟಿತು. ಇದನ್ನು ನಾನು ಒಪ್ಪುವುದಿಲ್ಲ, ಕಲೆಯ ಹೆಸರಿನಲ್ಲೂ ಒಪ್ಪುವುದಿಲ್ಲ. ಸುಟ್ಟ ಗಾಯವಾದವರಿಗೆ ಬರುವುದು ನೋವು, ಖಿನ್ನತೆ, ಜನರ ಮುಂದೆ ಹೋಗಲು ಹಿಂಜರಿಕೆ. ಗಾಯದಿಂದ ಯಾರೂ ಕ್ರಿಮಿನಲ್ ಆಗುವುದಿಲ್ಲ. 2018ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್, ಮುಖದ ಕಲೆಯನ್ನು ಕೆಟ್ಟತನದ ಗುರುತಾಗಿ ತೋರಿಸುವ ಸಿನಿಮಾಗಳಿಗೆ ಇನ್ನು ದುಡ್ಡು ಕೊಡುವುದಿಲ್ಲ ಅಂತ ಹೇಳಿತು. ನಿಮ್ಮ ಬೀದಿಯ ಟೈಲರ್ ಅಂಗಡಿಯವರಿಗೆ ಆಗುತ್ತಿರುವಂಥದ್ದೇ ಅದಕ್ಕೆ ಕಾರಣ. ಒಂದು ಮಗು ಅವರನ್ನು ನೋಡಿ ಓಡುತ್ತಿದೆ, ಅವರಿಗದು ಗೊತ್ತಾಗದೇ ಇರುತ್ತದಾ? ಸುಮ್ನೆ ಒಂದು ದಿನ ಗುಂಡಿ ಹೊಲಿಸುವ ನೆಪದಲ್ಲಿ ಮಗನನ್ನು ಕರೆದುಕೊಂಡು ಹೋಗಿ. ನೀವು ಎಂದಿನಂತೆ ಮಾತಾಡಿ. ಅವನು ನಿಮ್ಮ ಹಿಂದೆ ನಿಂತರೂ ಪರವಾಗಿಲ್ಲ. “ಆಂಟಿಗೆ ನಮಸ್ತೆ ಹೇಳು” ಅಂತ ಮುಂದೆ ತಳ್ಳಬೇಡಿ. ಅವರ ಮುಂದೆ ಆ ಗಾಯದ ವಿಷಯವನ್ನೂ ಎತ್ತಬೇಡಿ.

ನಾಣ್ಯ ಎಸೆಯುವುದು ಆಟವೂ ಇರಬಹುದು, ಕಾಯಿಲೆಯ ಮೊಳಕೆಯೂ ಇರಬಹುದು. ಎರಡನೇ ಭಾಗದಲ್ಲಿ ಒಂದು ದೃಶ್ಯವಿದೆ. ತನ್ನನ್ನು ಹಾಳುಮಾಡಿದ ಗ್ಯಾಂಗ್ ಲೀಡರ್ ರೂಪರ್ಟ್ ಥಾರ್ನ್‌ನನ್ನು ಕೊಲ್ಲಬೇಕೋ ಬಿಡಬೇಕೋ ಅಂತ ಹಾರ್ವಿ ನಾಣ್ಯ ಚಿಮ್ಮುತ್ತಾನೆ. ಅದೇ ಕ್ಷಣದಲ್ಲಿ ಬ್ಯಾಟ್‌ಮ್ಯಾನ್ ರಾಶಿ ನಾಣ್ಯಗಳನ್ನು ಎಸೆಯುತ್ತಾನೆ. ನೆಲದ ತುಂಬಾ ಬೆಳ್ಳಿ ನಾಣ್ಯ, ತನ್ನದು ಯಾವುದು ಅಂತ ಗೊತ್ತಾಗದೆ ಹಾರ್ವಿ ಮಂಡಿಯೂರಿ ಹುಡುಕುತ್ತಾ ಕುಸಿಯುತ್ತಾನೆ. ಇಡೀ ಊರನ್ನು ಹೆದರಿಸಿದವನು ಒಂದು ಬಿಲ್ಲೆ ಇಲ್ಲದೆ ಒಂದು ತೀರ್ಮಾನ ಮಾಡಲಾರ. ನನ್ನ ರೋಗಿಗಳಲ್ಲಿ ಕೆಲವರನ್ನು ಆ ಸ್ಥಿತಿಯಲ್ಲಿ ಕಂಡಿದ್ದೇನೆ, ಅವರ ಕೈಯಲ್ಲಿ ನಾಣ್ಯದ ಬದಲು ಬೀಗದ ಕೈಯೋ ಸೋಪೋ ಇರುತ್ತದೆ.

ನೀವು ನೋಡಬೇಕಾದ್ದು ಇಷ್ಟು. ಒಂದು ದಿನ ನಾಣ್ಯ ಸಿಗದಿದ್ದರೆ ಮಗ ಏನು ಮಾಡುತ್ತಾನೆ? “ಹೋಗ್ಲಿ ಬಿಡು” ಅಂತ ದೋಸೆ ತಿನ್ನಲು ಕೂತರೆ ಅದು ಆಟ. ಬೆವರಿ, ಅತ್ತು, ಎಸೆಯದಿದ್ದರೆ ಅಮ್ಮನಿಗೆ ಏನಾದರೂ ಆಗುತ್ತೆ ಅಂದರೆ, ಸರಿಯಾಗಿ ಬೀಳಲಿಲ್ಲ ಅಂತ ಮತ್ತೆ ಮತ್ತೆ ಎಸೆದರೆ, ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಇದಕ್ಕೇ ಹೋದರೆ, ಅದು ಒಸಿಡಿ ಇರಬಹುದು, ಅಂದರೆ ಬೇಡದ ಯೋಚನೆ ಪದೇಪದೇ ಬಂದು ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವ ಕಾಯಿಲೆ. ಮಕ್ಕಳಲ್ಲಿ ಒಸಿಡಿಗೆ ಒಳ್ಳೆಯ ಚಿಕಿತ್ಸೆ ಇದೆ. ಹೆದರಿಕೆಯನ್ನು ಸ್ವಲ್ಪ ಸ್ವಲ್ಪ ಎದುರಿಸುತ್ತಾ, ಆ ಕ್ರಿಯೆ ಮಾಡದೇ ಇರುವುದನ್ನು ಅಭ್ಯಾಸ ಮಾಡಿಸುವ ಥೆರಪಿ ಮೊದಲು. ತೀವ್ರವಾಗಿದ್ದರೆ ಮಾತ್ರೆ. ಕಾರ್ಟೂನ್‌ನಿಂದ ಒಸಿಡಿ ಬರುವುದಿಲ್ಲ, ಆದರೆ ಮೊದಲೇ ಒಳಗೆ ಇದ್ದ ಒಸಿಡಿ ಕಾರ್ಟೂನ್‌ನ ವೇಷ ಹಾಕಿಕೊಂಡು ಹೊರಗೆ ಬರಬಹುದು.

ಹಾಗಾದರೆ ನಿಲ್ಲಿಸಬೇಕಾ? ಸದ್ಯಕ್ಕೆ ರಾತ್ರಿ ಹೊತ್ತು ಬೇಡ. ಪೂರ್ತಿ ಬ್ಯಾನ್ ಮಾಡಿದರೆ ಒಂದೆರಡು ವಾರ ನೆಮ್ಮದಿ ಸಿಗುತ್ತದೆ, ಆದರೆ ಅವನ ತಲೆಯಲ್ಲಿ ಕಥೆ ಆಸ್ಪತ್ರೆಯ ಕನ್ನಡಿಯ ಹತ್ತಿರವೇ ನಿಂತಿರುತ್ತದೆ. ಹೆದರಿಕೆಯಿಂದ ದೂರ ಓಡಿದಷ್ಟೂ ಹೆದರಿಕೆ ಬಲಿಯುತ್ತದೆ. ನನ್ನ ಒಲವು ಎರಡನೇ ಭಾಗವನ್ನು ತೋರಿಸುವ ಕಡೆಗೆ. ಮೊದಲು ನೀವಿಬ್ಬರೂ ನೋಡಿ. ಅದರಲ್ಲಿ ಗ್ರೇಸ್ ತಾನಾಗಿ ಹಾರ್ವಿಯ ಮುಖದ ಮೇಲಿನ ಬಟ್ಟೆ ತೆಗೆಯುತ್ತಾಳೆ, ಈ ಸಲ ಓಡುವುದಿಲ್ಲ. ಕೊನೆಯಲ್ಲೂ ಅವನ ಪಕ್ಕ ಇರುತ್ತಾಳೆ. ಗೆಳೆಯನನ್ನು ಕಾಪಾಡಲಾಗಲಿಲ್ಲ ಅಂತ ಬ್ರೂಸ್‌ಗೆ ಕೆಟ್ಟ ಕನಸು ಬೀಳುತ್ತದೆ, ಅಂದರೆ ಬ್ಯಾಟ್‌ಮ್ಯಾನ್ ಕೂಡ ಹೆದರುತ್ತಾನೆ. ಇದು ಮಗನಿಗೆ ಬೇಕಾದ ವಿಷಯ. ಆಮೇಲೆ ಭಾನುವಾರ ಬೆಳಿಗ್ಗೆ, ಬೆಳಕಿನಲ್ಲಿ, ರಿಮೋಟ್ ಅವನ ಕೈಗೆ ಕೊಟ್ಟು ಹಾಕಿ. ಬೇಕಾದಾಗ ನಿಲ್ಲಿಸಲಿ. ಕನ್ನಡಿಯ ಟವೆಲನ್ನೂ ಎಳೆದು ಬಿಸಾಡಬೇಡಿ, ಇವತ್ತು ಅರ್ಧ, ನಾಳೆ ಇನ್ನೂ ಸ್ವಲ್ಪ ಅಂತ ಅವನೇ ಸರಿಸಲಿ. ಈ ದಾರಿಯಲ್ಲೂ ಅಪಾಯ ಇದೆ: ಕೆಲವು ಮಕ್ಕಳಿಗೆ ಎರಡನೇ ಸಲ ನೋಡಿದಾಗ ಹೆದರಿಕೆ ಹೆಚ್ಚುತ್ತದೆ. ಹಾಗಾದರೆ ಹಟ ಹಿಡಿಯದೆ ನಿಲ್ಲಿಸಿ, ಕಥೆ ಹೇಗೆ ಮುಗಿಯಿತು ಅಂತ ಬಾಯಲ್ಲಿ ಹೇಳಿ. ಅವರಪ್ಪನಿಗೂ ಒಂದು ಮಾತು: ಅದೇ ಸರಣಿಯಲ್ಲಿ 1994ರ ‘ಸೆಕೆಂಡ್ ಚಾನ್ಸ್’ ಅನ್ನುವ ಕಂತು ತುಂಬಾ ಚೆನ್ನಾಗಿದೆ, ಆದರೆ ಅದರಲ್ಲಿ ಹಾರ್ವಿಯ ಆಪರೇಷನ್ ಹಾಳು ಮಾಡುವುದು ಅವನೊಳಗಿನ ಇನ್ನೊಬ್ಬನೇ. ಈ ಮಗುವಿಗೆ ಅದು ಈಗ ಬೇಡ.

“ನಿನಗೇನೂ ಆಗಲ್ಲ” ಅಂತ ದಿನಕ್ಕೆ ಇಪ್ಪತ್ತು ಸಲ ಹೇಳುವುದನ್ನು ಬಿಡಿ. ಒಂದು ಸಲ ಸರಿಯಾಗಿ ಹೇಳಿ, ಮತ್ತೆ ಕೇಳಿದರೆ “ಇದಕ್ಕೆ ಬೆಳಿಗ್ಗೆ ಉತ್ತರ ಹೇಳಿದೆನಲ್ಲ, ನೆನಪಿದೆಯಾ?” ಅನ್ನಿ. ಇಲ್ಲದಿದ್ದರೆ ನಿಮ್ಮ ಸಮಾಧಾನವೇ ಇನ್ನೊಂದು ನಾಣ್ಯ ಆಗುತ್ತದೆ. ಅತ್ತೆಯವರ ತಾಯತಕ್ಕೆ ನನ್ನ ತಕರಾರಿಲ್ಲ, ಕಟ್ಟಲಿ. ಆದರೆ ಕಟ್ಟುವಾಗ “ಒಳಗೆ ಸೇರಿಕೊಂಡಿರೋದು ಹೋಗಲಿ” ಅನ್ನುವ ಮಾತು ಮಗುವಿನ ಕಿವಿಗೆ ಬೀಳಬಾರದು. ಯಾರೋ ಹಿಪ್ನಾಟಿಸಂ ಮಾಡಿ ಒಳಗಿನದನ್ನು ಹೊರಗೆ ತೆಗೆಯುತ್ತೇವೆ ಅಂದರೆ ಆ ಕಡೆ ಹೋಗಬೇಡಿ. ಕಥೆಯಲ್ಲಿ ಡಾಕ್ಟರ್ ಹಾಗೇ ಮಾಡುತ್ತಾರೆ ನಿಜ. ಆದರೆ ಹಿಪ್ನಾಸಿಸ್ ಸತ್ಯ ಹೊರಡಿಸುವ ಯಂತ್ರವಲ್ಲ. ಕೇಳುವ ಪ್ರಶ್ನೆಯಿಂದಲೇ ಇಲ್ಲದ ನೆನಪು ಹುಟ್ಟಬಹುದು, ಅದೂ ಇಷ್ಟು ಬೇಗ ನಂಬುವ ಮಗುವಿನಲ್ಲಿ.

ಕೊನೆಗೆ ನಿಮ್ಮ ಮನೆಯವರ ಭಯ. ಹಾರ್ವಿ ಡೆಂಟ್ ಡಿಸ್ಟ್ರಿಕ್ಟ್ ಅಟಾರ್ನಿ, ಅಂದರೆ ಸರ್ಕಾರದ ಪರ ಕ್ರಿಮಿನಲ್ ಕೇಸು ನಡೆಸುವ ದೊಡ್ಡ ವಕೀಲ. ಅವನ ಊರಿನಲ್ಲಿ ಅದು ಚುನಾವಣೆಯಲ್ಲಿ ಗೆಲ್ಲಬೇಕಾದ ಹುದ್ದೆ. ಅವನು ಡಾಕ್ಟರ್ ಹತ್ತಿರ ಹೋಗಿರುತ್ತಾನೆ. ಅವರೂ ಚಿಕಿತ್ಸೆ ಮುಂದುವರಿಸು ಅನ್ನುತ್ತಾರೆ. ಪೇಪರಿನವರಿಗೆ ಗೊತ್ತಾದರೆ, ಮತದಾರರಿಗೆ ಗೊತ್ತಾದರೆ ಅಂತ ಅವನು ಹಿಂದೇಟು ಹಾಕುತ್ತಾನೆ. ಆ ಗುಟ್ಟಿನ ಫೈಲೇ ಥಾರ್ನ್ ಕೈಗೆ ಸಿಕ್ಕಿ, ಚುನಾವಣೆಯ ರಾತ್ರಿ ಬ್ಲ್ಯಾಕ್‌ಮೇಲ್ ಶುರುವಾಗುತ್ತದೆ. ಎರಡೂ ಭಾಗ ಸೇರಿಸಿ ನೋಡಿದರೆ ಮನೋವೈದ್ಯರ ಕಣ್ಣಿಗೆ ಅತ್ಯಂತ ನಿಜ ಅನಿಸುವುದು ಈ ಎಳೆ. “ಚೀಟಿಯಲ್ಲಿ ಸೈಕಿಯಾಟ್ರಿ ಅಂತ ಬರೀಬೇಡಿ ಸಾರ್” ಅಂತ ಕೇಳದ ಮನೆಯವರು ನನಗೆ ಸಿಕ್ಕಿದ್ದೇ ಕಡಿಮೆ. ಭಾರತದಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ರೋಗಿಯ ವಿವರ ಗುಟ್ಟಾಗಿರಬೇಕು, ಅದು ಅವರ ಹಕ್ಕು. ನೀವು ಹೇಳದೆ ಶಾಲೆಗೆ ಗೊತ್ತಾಗಬೇಕಿಲ್ಲ, ನಾವು ಫೋನ್ ಮಾಡಿ ಹೇಳುವಂತಿಲ್ಲ.

ಈಗಲೇ ಓಡಿ ಬನ್ನಿ ಅಂತ ನಾನು ಹೇಳುತ್ತಿಲ್ಲ. ಮೂರು-ನಾಲ್ಕು ವಾರ ಮೇಲೆ ಹೇಳಿದ್ದನ್ನು ಮಾಡಿ ನೋಡಿ. ಅಷ್ಟರಲ್ಲಿ ನಿದ್ದೆ ಸರಿಹೋಗದಿದ್ದರೆ, ಶಾಲೆಗೆ ಹೋಗಲ್ಲ ಅಂದರೆ, ನಾಣ್ಯದ ವಿಷಯ ನಾನು ಹೇಳಿದ ಎರಡನೇ ಥರಕ್ಕೆ ತಿರುಗಿದರೆ ಮಕ್ಕಳ ಮನೋವೈದ್ಯರಿಗೆ ತೋರಿಸಿ. ತನಗೆ ತಾನೇ ನೋವು ಮಾಡಿಕೊಂಡರೆ, ಸಾಯುವ ಮಾತು ಆಡಿದರೆ, ಮಾಡಿದ್ದು ನಿಜವಾಗಿಯೂ ನೆನಪಿಲ್ಲ ಅಂದರೆ ಒಂದು ದಿನವೂ ಕಾಯಬೇಡಿ. ಯಾರಾದರೂ ಅವನನ್ನು ಹೊಡೆಯುತ್ತಿದ್ದಾರಾ, ಮುಟ್ಟಬಾರದ ಕಡೆ ಮುಟ್ಟುತ್ತಿದ್ದಾರಾ ಅಂತಲೂ ಮೆಲ್ಲಗೆ ಕೇಳಿ, ಕಾರ್ಟೂನ್‌ನ ಹೆಸರಿನಲ್ಲಿ ಮಕ್ಕಳು ಬೇರೆ ಭಯ ಹೇಳಿಕೊಳ್ಳುವುದುಂಟು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗವಿದೆ. ಅದಕ್ಕೂ ಮುಂಚೆ ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.